ಧರ್ಣಪ್ಪ ಸೇರಿಗಾರರ ತಪ್ಪುಕಾಣಿಕೆ

ಮಡಂತ್ಯಾರಿನ ಧರ್ಣಪ್ಪ ಸೇರಿಗಾರರು ಮೂವತ್ತೆಂಟು ವರ್ಷ ಸ್ಯಾಕ್ಸೋಫೋನ್ ಊದಿದರು. ಅಷ್ಟೂ ವರ್ಷ ಅವರನ್ನು ಒಬ್ಬ ನರಮನುಷ್ಯನೂ ಕಿವಿಗೊಟ್ಟು ಕೇಳಲಿಲ್ಲ. ಊದಿದ್ದು ಕಡಿಮೆಯೇನಲ್ಲ ಮಾರಾಯ್ರೆ! ಬಂಟ್ವಾಳದಿಂದ ಚಾರ್ಮಾಡಿಯ ಬುಡದವರೆಗೆ ಯಾವ ಮದುವೆ ಹಾಲಿಗೆ ಹೋದರೂ ಮೂಲೆಯಲ್ಲೊಂದು ಚಾಪೆ, ಚಾಪೆಯ ಮೇಲೆ ಡೋಲಿನವ, ತಾಳದವ, ನಡುವೆ ಜರಿಶಾಲು ಹೊದ್ದ ಸೇರಿಗಾರರು. ಅವರು ಕಲ್ಯಾಣಿ ಊದುವಾಗ ಜನ ಐಸ್‌ಕ್ರೀಮ್ ಯಾವ ಬಾಗಿಲಲ್ಲಿ ಅಂತ ವಿಚಾರಿಸುತ್ತಿದ್ದರು. ಕಣ್ಣು ಮುಚ್ಚಿ ಮೋಹನ ಊದುವಾಗ ವಿಡಿಯೋದವ ಬಂದು ಭುಜ ತಟ್ಟಿ, "ಅಣ್ಣಾ, ಸ್ವಲ್ಪ ಆಚೆ ಜರುಗಿ, ವೈರ್ ಎಳೀಲಿಕ್ಕುಂಟು" ಅನ್ನುತ್ತಿದ್ದ. ಸೇರಿಗಾರರು ಊದುತ್ತಲೇ ಜರುಗುತ್ತಿದ್ದರು. ಹಾಗೆ ಜರುಗಿ ಜರುಗಿ ಒಂದು ಮದುವೆಯಲ್ಲಿ ಅವರು ಕೈತೊಳೆಯುವ ನಲ್ಲಿಯ ಹತ್ತಿರ ಮುಟ್ಟಿದ್ದೂ ಉಂಟು.

ಇಂಥ ಸಾಧು ಪ್ರಾಣಿಯ ತಲೆ ಕೆಡಿಸಿದ್ದು ಹಸೈನಾರ್. ಪೇಟೆಯಲ್ಲಿ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಅವರದ್ದು. ಅದಕ್ಕೆ ಮೊದಲು ಹದಿನೆಂಟು ವರ್ಷ ದುಬೈಯ ಒಂದು ಹೋಟೆಲಿನಲ್ಲಿ ಸೌಂಡಿನ ಕೆಲಸ. ಅಲ್ಲಿ ದಿನಾ ಸಂಜೆ ಜಾಝ್ ಅಂತೆ. ಹಾಗಾಗಿ ದಿನಾ ಸಂಜೆ ಮಡಂತ್ಯಾರಿನಲ್ಲಿ, ಅಂಗಡಿಯ ಮುಂದಿನ ಬೆಂಚಿನ ಮೇಲೆ, ಚಹಾದ ಜೊತೆಗೆ ಜಾಝ್‌ನವರ ಪುರಾಣ.

"ಅಲ್ಲೊಬ್ಬ ಸ್ಯಾಕ್ಸಿನವ ಇದ್ದ ಧರ್ಣಪ್ಪಣ್ಣ. ಒಮ್ಮೆ ಶುರು ಮಾಡಿದರೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಒಂದು ದಿನ ಡ್ರಮ್ಮಿನವ ಕೋಲು ಕೆಳಗಿಟ್ಟು, ಹೊರಗೆ ಹೋಗಿ ಬಿರಿಯಾನಿ ತಿಂದು, ಕೈ ತೊಳೆದು, ಊರಿಗೆ ಫೋನು ಮಾಡಿ ಹೆಂಡತಿ ಹತ್ತಿರ ಜಗಳ ಮುಗಿಸಿ ಬಂದ. ಇವ ಅದೇ ಸ್ವರದಲ್ಲಿದ್ದ."

"ಉಸಿರು ತೆಗೆಯುವುದು ಯಾವಾಗ?"

"ಅವರಿಗೆ ಆ ಅಭ್ಯಾಸ ಇಲ್ಲ."

ಇನ್ನೊಬ್ಬ ವೇದಿಕೆಯ ಮೇಲೇ ನಿದ್ದೆ ಹೊಡೆಯುತ್ತಿದ್ದನಂತೆ. ಗೊರಕೆಯೂ ತಾಳದಲ್ಲೇ. ತನ್ನ ಸರದಿ ಬಂದಾಗ ಎಚ್ಚರಾಗಿ ಊದಿ ಮತ್ತೆ ಮಲಗುತ್ತಿದ್ದನಂತೆ. ಮತ್ತೊಬ್ಬ ಕತ್ತಲೆ ಹಾಲಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂರುತ್ತಿದ್ದ. "ನಿನಗೆ ಏನಾದರೂ ಕಾಣ್ತದಾ?" ಅಂತ ಮ್ಯಾನೇಜರು ಕೇಳಿದ್ದಕ್ಕೆ, "ನನಗೆ ನೀವು ಕಾಣಬೇಕಾಗಿಲ್ಲ, ನಿಮಗೆ ನಾನು ಕಂಡರೆ ಸಾಕು" ಅಂದನಂತೆ. ಇದರಲ್ಲಿ ನಿಜ ಎಷ್ಟು, ಹಸೈನಾರರ ಒಗ್ಗರಣೆ ಎಷ್ಟು, ಆ ದೇವರಿಗೇ ಗೊತ್ತು. ಸೇರಿಗಾರರು ಮಾತ್ರ ಒಂದೊಂದು ಅಕ್ಷರವನ್ನೂ ವೇದವಾಕ್ಯದಂತೆ ಕೇಳುತ್ತಿದ್ದರು.

"ಮತ್ತೆ ಅಪಸ್ವರ ಬಂದರೆ ಏನು ಮಾಡ್ತಾರೆ ಹಸೈನಾರಣ್ಣ?"

"ಅಪಸ್ವರವಾ? ಅವರಲ್ಲಿ ಅದು ಇಲ್ಲವೇ ಇಲ್ಲ. ಒಂದು ಸಲ ಊದಿದರೆ ತಪ್ಪು. ಅದನ್ನೇ ಧೈರ್ಯದಲ್ಲಿ ಮೂರು ಸಲ ಊದಿದರೆ ಜಾಝ್."

ಸೇರಿಗಾರರು ಮರುದಿನವೇ ಬೆಳ್ತಂಗಡಿಗೆ ಹೋಗಿ ಒಂದು ಕಪ್ಪು ಕನ್ನಡಕ ತಂದರು. ಹೆಂಡತಿ ಅಮ್ಮಣ್ಣಿ ನೋಡಿ ಗಾಬರಿಯಾದರು.

"ಕಣ್ಣಿಗೆ ಎಂಥಾಯ್ತು?"

"ಏನೂ ಆಗಲಿಲ್ಲ. ಕಲಾವಿದರು ಹೀಗೇ."

"ಹಾಗಾದರೆ ಇಷ್ಟು ವರ್ಷ ನೀವು ಯಾರು?"

ಸೇರಿಗಾರರು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡರು. ಕನ್ನಡಕ ಹಾಕಿಕೊಂಡು ಮದುವೆಗೆ ಹೊರಟರು.

ಮದುವೆಯೆಂದರೆ ಅಂತಿಂಥ ಮದುವೆಯಲ್ಲ, ಲೋಕನಾಥರ ಮಗಳು ತೃಪ್ತಿಯದ್ದು. ಲೋಕನಾಥರಿಗೆ ಬಂಟ್ವಾಳದಲ್ಲಿ ಎರಡು ಹೋಟೆಲು, ಮಡಂತ್ಯಾರಿನಲ್ಲಿ ದೊಡ್ಡ ಚಾವಡಿಯ ಮನೆ, ಮೇಲಿಂದ ಊರ ದೈವಸ್ಥಾನದ ಮೊಕ್ತೇಸರಿಕೆ. ವರ ಮೂಡುಬಿದಿರೆಯ ಶೋಧನ್. ಬೆಳ್ತಂಗಡಿಯ ಮದುವೆ ಹಾಲಿನಲ್ಲಿ ಎಂಟುನೂರು ಜನ.

ನಮ್ಮ ಕಡೆ ಒಂದು ಕ್ರಮ ಉಂಟು. ಮನೆಗಾಗಲಿ ಮದುವೆಗಾಗಲಿ, ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ವೈರಿ ಮೆಟ್ಟಿಲು ಹತ್ತಿದರೂ ಬೆಲ್ಲ ಕೊಟ್ಟು ಆಮೇಲೆ ಬೈಯಬೇಕು. ಆ ದಿನ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಸಾತ್ವಿಕಾ ಎಂಬ ಹುಡುಗಿ ಸೇರಿಗಾರರ ಕಪ್ಪು ಕನ್ನಡಕ ನೋಡಿದ್ದೇ, "ಅಯ್ಯೋ, ಕೆಂಗಣ್ಣು ಬೇನೆ!" ಅಂತ ಎರಡು ಹೆಜ್ಜೆ ಹಿಂದೆ ಸರಿದಳು. ತಟ್ಟೆ ಮುಟ್ಟಲಿಕ್ಕೆ ಬಿಡಲಿಲ್ಲ. ಮೊಳ ದೂರದಿಂದ ಅಂಗೈಗೆ ಬೆಲ್ಲ ಹಾಕಿದಳು, ಮೇಲಿನಿಂದ ಬಾಯಿಗೆ ನೀರು ಹೊಯ್ದಳು. ಏಪ್ರಿಲ್ ತಿಂಗಳ ಸೆಕೆ, ಬೆಲ್ಲ ಅಂಗೈಯಲ್ಲೇ ಕರಗಿ ಪಾಕ. ಕೈ ತೊಳೆಯುವ ಅಂದರೆ ಅಷ್ಟರಲ್ಲಿ ಭಟ್ಟರ ಕೂಗು: "ವಾಲಗದವರು ಎಲ್ಲಿ? ಮುಹೂರ್ತ ಆಯ್ತು!" ಸೇರಿಗಾರರು ಓಡಿಹೋಗಿ ಚಾಪೆಯ ಮೇಲೆ ಕೂತು ವಾದ್ಯ ಎತ್ತಿದರು. ಕಪ್ಪು ಕನ್ನಡಕದೊಳಗಿಂದ ಬೆರಳಿನ ಅಂಟು ಕಾಣುವುದುಂಟೇ?

ಧಾರೆಯ ಹೊತ್ತು. ಭಟ್ಟರು ಕೈ ಎತ್ತಿ, "ಗಟ್ಟಿಮೇಳ!" ಅಂದರು. ಡೋಲಿನವ ಅಶ್ವಿತ್ ಡೋಲಿನ ಮೇಲೆ ಬಿದ್ದ. ಸೇರಿಗಾರರು ಕೆನ್ನೆ ಉಬ್ಬಿಸಿ ಮೇಲಿನ ಸ್ವರಕ್ಕೆ ಹಾರಿದರು. ಹಾರಿದವರಿಗೆ ಇಳಿಯಲಿಕ್ಕೆ ಜಾಗ ಸಿಗಲಿಲ್ಲ.

"ಪ್ಯಾಂ—"

ತಾಯಿ ಕಾಣದ ಎಮ್ಮೆಕರು ಕೂಗಿದಂಥ ಸ್ವರ. ಎಂಟುನೂರು ತಲೆಗಳು ಗರಕ್ಕನೆ ತಿರುಗಿದವು. ಡೋಲು ನಿಂತಿತು. ಐಸ್‌ಕ್ರೀಮಿನವ ಚಮಚ ಎತ್ತಿ ಹಿಡಿದವ ಹಾಗೇ ಉಳಿದ. ಬೇರೆ ಯಾರಾದರೂ ಆಗಿದ್ದರೆ ಭೂಮಿ ಬಾಯಿ ಬಿಡಲಿ ಅಂತ ಬೇಡುತ್ತಿದ್ದರು. ಸೇರಿಗಾರರಿಗೆ ನೆನಪಾದದ್ದು ಹಸೈನಾರ್. ಬೆನ್ನು ನೆಟ್ಟಗೆ ಮಾಡಿ, ಅದೇ ಕೀಲಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿ, ಅದೇ ಸ್ವರವನ್ನು ಎರಡನೇ ಸಲ ಊದಿದರು. ಮೂರನೇ ಸಲವನ್ನಂತೂ ಉದ್ದಕ್ಕೆ ಎಳೆದು, ಕೊನೆಯಲ್ಲಿ ಸ್ವಲ್ಪ ಕೊಂಕಿಸಿ ಬಿಟ್ಟರು.

ಭಟ್ಟರ ಕೈ ನಡುಗಿ ಧಾರೆಯ ನೀರು ಅರ್ಧ ಲೋಕನಾಥರ ರೇಷ್ಮೆ ಪಂಚೆಯ ಮೇಲೆ ಬಿತ್ತು. ಅದನ್ನಾದರೂ ಸಹಿಸಬಹುದು. ತಲೆ ತಗ್ಗಿಸಿ ಕೂತಿದ್ದ ಮದುಮಗಳು ತೃಪ್ತಿ, ಧಾರೆಯ ಹೊತ್ತಿನಲ್ಲಿ, ಮೂಡುಬಿದಿರೆಯ ಅಷ್ಟೂ ಬೀಗರ ಎದುರು, ಕಿಸಕ್ಕನೆ ನಕ್ಕುಬಿಟ್ಟಳು!

ಊಟದ ಪಂಕ್ತಿಯಲ್ಲಿ ಲೋಕನಾಥರು ಬಂದು ನಿಂತರು. ಪಂಚೆ ಇನ್ನೂ ಒದ್ದೆ.

"ಅದು ಎಂಥದು ಸೇರಿಗಾರ್ರೇ?"

ಬಾಯಿಯಲ್ಲಿ ಹೋಳಿಗೆ ಇತ್ತು. ನುಂಗಿ, ಕನ್ನಡಕ ಸರಿಮಾಡಿ ಹೇಳಿದರು: "ಜಾಝ್."

"ನಾನು ಹೇಳಿದ್ದೆನಾ?"

"ಅದು ಹೇಳಿದರೆ ಬರುವುದಲ್ಲ ಧನಿಗಳೇ. ಅದಾಗಿಯೇ ಬರಬೇಕು."

ಈ ಒಂದು ಮಾತನ್ನಾದರೂ ಅವರು ಸತ್ಯವಾಗಿಯೇ ಹೇಳಿದ್ದರು. ಆದರೆ ಅದು ಅವರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮಣ್ಣಿ ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದರೆ ಒಳಗೆ ಇರುವೆಗಳ ಸಾಲು. ಎಲ್ಲವೂ ಒಂದೇ ಕೀಲಿಯ ಮುಚ್ಚಳದ ಸುತ್ತ. "ಕಲಾವಿದರಂತೆ! ವಾದ್ಯಕ್ಕೆ ಇರುವೆ ಹತ್ತಿದ್ದು ಗೊತ್ತಿಲ್ಲ" ಅಂತ ಬೈಯುತ್ತಾ ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿಟ್ಟರು. ಸೇರಿಗಾರರು ಅಂಗಳದಲ್ಲಿ ಫೋನು ಹಿಡಿದು ತಮ್ಮದೇ ವಿಡಿಯೋ ನೋಡುತ್ತಿದ್ದರು. ಘಟ್ಟದ ಬುಡದ ನೆರಿಯದಿಂದ ಕೂಡ ಯಾರೋ ಕಳಿಸಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇಲ್ಲ. ದಿಬ್ಬಣದ ಬಸ್ಸು ವೇಣೂರು ದಾಟುವಾಗ ಪಂಕ್ಚರ್ ಆಯಿತು. ಮೂಡುಬಿದಿರೆಯಲ್ಲಿ ಬೀಗರ ಔತಣದ ದಿನ ಗ್ರೈಂಡರು ಹೊಗೆ ಬಿಟ್ಟು ನಿಂತಿತು. ಅದೇ ಮಧ್ಯಾಹ್ನ ಶೋಧನನ ತಾಯಿ ಜಲಜಕ್ಕ ಚಕ್ಕುಲಿ ಕಚ್ಚಿ ಹಲ್ಲು ಮುರಿದುಕೊಂಡರು. ಮೂರು ಸ್ವರ, ಮೂರು ಅನಾಹುತ! ಯಾರೋ ಒಬ್ಬರು ಲೆಕ್ಕ ಹಾಕಿದ್ದೇ ತಡ, ಲೋಕನಾಥರು ಜ್ಯೋತಿಷಿಯ ಮನೆಗೆ ಓಡಿದರು. ಜ್ಯೋತಿಷಿ ಕವಡೆ ಮಗುಚಿ, ಕಣ್ಣು ಮುಚ್ಚಿ, "ಶಬ್ದದಿಂದ ಬಂದ ದೋಷ" ಅಂದರು. ವಿಡಿಯೋ ಅವರೂ ನೋಡಿದ್ದರು.

ಪರಿಹಾರ ತುಂಬ ಸುಲಭ. ಬರುವ ತಿಂಗಳ ಸಂಕ್ರಾಂತಿಯ ದಿನ ಸೇರಿಗಾರರು ಚಾವಡಿಗೆ ಬಂದು, ದೈವಕ್ಕೆ ವೀಳ್ಯದೆಲೆಯ ಮೇಲೆ ಒಂದು ನಾಣ್ಯ ಇಟ್ಟು, ಹತ್ತು ಜನರೆದುರು "ತಪ್ಪಾಯಿತು" ಅನ್ನಬೇಕು. ತಪ್ಪುಕಾಣಿಕೆ ಅಂದರೆ ಇಷ್ಟೇ. ಊರಿನಲ್ಲಿ ಅದನ್ನು ಇಡದವರು ಯಾರು? ಲೋಕನಾಥರು ಸೇರಿಗಾರರ ಅಂಗಳಕ್ಕೇ ಬಂದು ಹೇಳಿದರು.

"ಒಂದು ರೂಪಾಯಿ ಇಟ್ಟರೂ ಸಾಕು ಸೇರಿಗಾರ್ರೇ. ಇಡದಿದ್ದರೆ ಈ ವರ್ಷದ ನೇಮಕ್ಕೆ ಬೇರೆ ವಾಲಗದ ಸೆಟ್ ಬರ್ತದೆ."

ಸೇರಿಗಾರರ ಮುಖ ಸಣ್ಣದಾಯಿತು. ವರ್ಷಕ್ಕೊಮ್ಮೆ ದೈವ ಕಟ್ಟಿ ಕುಣಿಯುವ ಆ ನೇಮಕ್ಕೆ ಅವರ ಅಜ್ಜ ನಾಗಸ್ವರ ಊದಿದ್ದರು, ಅಪ್ಪ ಊದಿದ್ದರು, ಅಪ್ಪ ತೀರಿಹೋದ ವರ್ಷವೂ ಬಿಡದೆ ಇವರು ಊದಿದ್ದರು. ಮದುವೆ ಹೋದರೆ ಇನ್ನೊಂದು ಮದುವೆ ಬಂದೀತು. ನೇಮ ಹೋದರೆ ವಾಲಗದ ಸೇರಿಗಾರ ಅನ್ನುವ ಹೆಸರೇ ಹೋದಂತೆ. ಆದರೂ ಬಾಯಿಂದ ಬಂದದ್ದು ಬೇರೆ ಮಾತು.

"ಇಡುವುದಿಲ್ಲ."

"ಯಾಕೆ?"

"ತಪ್ಪು ಮಾಡಿದವ ಇಡುವುದು. ಅದು ತಪ್ಪಲ್ಲ. ವಿದ್ಯೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಲೋಕನಾಥರು ಚಪ್ಪಲಿ ಮೆಟ್ಟಿದರು. "ವಿದ್ಯೆಯಾದರೆ ಸಂಕ್ರಾಂತಿಯ ದಿನ ಎಲ್ಲರೆದುರು ಅದನ್ನೇ ಊದಿ ತೋರಿಸಿ. ಬಂದರೆ ವಿದ್ಯೆ. ಬಾರದಿದ್ದರೆ ತಪ್ಪು. ಕಾಣಿಕೆ ಇಟ್ಟು ಹೋಗಿ."

"ತೋರಿಸ್ತೇನೆ!"

ಅವರು ಹೋದ ಮೇಲೆ ಅಮ್ಮಣ್ಣಿ ಒಳಗಿನಿಂದ ಬಂದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ರೂಪಾಯಿ ಇಟ್ಟು ಬನ್ನಿ ಮಾರಾಯ್ರೆ. ನಿಮ್ಮ ಮೂಗೇನೂ ಉದುರಿಹೋಗುವುದಿಲ್ಲ."

"ಇಟ್ಟರೆ ಅದು ತಪ್ಪು ಅಂತಾಗ್ತದೆ ಅಮ್ಮಣ್ಣಿ." ಸೇರಿಗಾರರು ಕನ್ನಡಕ ತೆಗೆದರು. "ಮೂವತ್ತೆಂಟು ವರ್ಷ ಸರಿಯಾಗಿಯೇ ಊದಿದೆ. ಒಬ್ಬನಾದರೂ ತಿರುಗಿ ನೋಡಿದನಾ? ಮೊನ್ನೆ ಎಂಟುನೂರು ಜನ ತಿರುಗಿದರು. ಐಸ್‌ಕ್ರೀಮಿನವನೂ ತಿರುಗಿದ! ಆ ಒಂದು ಸ್ವರವನ್ನು ಬಿಟ್ಟುಕೊಡು ಅಂತೀಯಾ? ಪ್ರಾಣ ಹೋದರೂ ಬಿಡುವುದಿಲ್ಲ."

ಅಮ್ಮಣ್ಣಿ ಒಳಗೆ ಹೋದರು. ಆ ದಿನ ಗಂಜಿಗೆ ಒಂದು ಚಟ್ನಿ ಹೆಚ್ಚಿಗೆ ಮಾಡಿದರು.

ಊರು ಎರಡು ಪಾಲಾಯಿತು. ಹಾಲಿನ ಸೊಸೈಟಿಯಲ್ಲಿ ಜಾಝ್ ಪರ, ಮೀನು ಮಾರ್ಕೆಟಿನಲ್ಲಿ ವಿರುದ್ಧ. ಜಾಝ್ ಅಂದರೆ ಏನೆಂದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ, ಹಾಗಾಗಿ ವಾದಕ್ಕೆ ತೊಂದರೆಯಾಗಲಿಲ್ಲ. ಯಾರೋ ಫೋನು ಮಾಡಿ, ಮಡಂತ್ಯಾರಿನಲ್ಲಿ ಸಾರ್ವಜನಿಕ ಶಾಂತಿಗೆ ಭಂಗ ಅಂದರು. ಬೀಟಿನ ಪೊಲೀಸ್ ಭವಿತ್ ಬೈಕಿನಲ್ಲಿ ಬಂದು, ಜಗಲಿಯಲ್ಲಿ ಕೂತು, ಪುಸ್ತಕ ತೆರೆದ.

"ಆ ಸ್ವರ ಒಮ್ಮೆ ಊದಿ. ನೋಡಿ ಬರೆಯಬೇಕು."

ಸೇರಿಗಾರರು ಖುಷಿಯಲ್ಲೇ ಊದಿದರು. ಶುದ್ಧ, ದುಂಡಗಿನ ಸ್ವರ ಬಂತು. ಮತ್ತೆ ಊದಿದರು. ಇನ್ನೂ ಶುದ್ಧ. ಬೆವರು ಇಳಿಯತೊಡಗಿತು. ಕೆನ್ನೆ ಕೆಂಪಾಗುವಷ್ಟು ಊದಿದರೂ ಅಪಸ್ವರದ ವಾಸನೆಯೂ ಇಲ್ಲ! ಭವಿತ್ ನಿಧಾನವಾಗಿ, ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದ: "ಸದರಿ ಸ್ವರವನ್ನು ಸ್ಥಳದಲ್ಲಿ ಪರಿಶೀಲಿಸಲಾಗಿ, ಅದು ಪತ್ತೆಯಾಗಿರುವುದಿಲ್ಲ. ಸ್ಥಳದಲ್ಲಿ ಶಾಂತಿ ಇರುತ್ತದೆ."

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಸರಿಯಾಗಿ ಊದಲಿಕ್ಕೆ ಮೂವತ್ತೆಂಟು ವರ್ಷ ಕಲಿತ ಮನುಷ್ಯ ಈಗ ತಪ್ಪಾಗಿ ಊದಲಿಕ್ಕೆ ಅಭ್ಯಾಸಕ್ಕೆ ಕೂತರು. ಕೂತು ಊದಿದರು, ನಿಂತು ಊದಿದರು. ಹಸೈನಾರ್ ಬಂದು ದುಬೈಯ ಪದ್ಧತಿಯಂತೆ ಸೊಂಟ ಬಗ್ಗಿಸಿ ಊದಲಿಕ್ಕೆ ಹೇಳಿದರು. ಸೊಂಟ ಹಿಡಿಯಿತು, ಸ್ವರ ಕೆಡಲಿಲ್ಲ.

"ಧರ್ಣಪ್ಪಣ್ಣ, ನೀವು ತುಂಬಾ ಒಳ್ಳೆ ಊದ್ತೀರಿ. ಅದೇ ಸಮಸ್ಯೆ" ಅಂದರು ಹಸೈನಾರ್. ಮೂವತ್ತೆಂಟು ವರ್ಷದಲ್ಲಿ ಮೊದಲ ಹೊಗಳಿಕೆ. ಬರಬಾರದ ಹೊತ್ತಿನಲ್ಲೇ ಬಂತು.

ಸಂಕ್ರಾಂತಿ ಬಂದೇಬಿಟ್ಟಿತು. ಲೋಕನಾಥರ ಚಾವಡಿ ತುಂಬ ಜನ. ಮೂಡುಬಿದಿರೆಯಿಂದ ತೃಪ್ತಿ, ಶೋಧನ್, ಹಲ್ಲಿಲ್ಲದ ಜಾಗಕ್ಕೆ ಸೆರಗು ಅಡ್ಡ ಹಿಡಿದ ಜಲಜಕ್ಕ. ಮಣೆಯ ಮೇಲೆ ವೀಳ್ಯದೆಲೆ ಸಿದ್ಧವಾಗಿತ್ತು. ಮೆಟ್ಟಿಲು ಹತ್ತುತ್ತಿದ್ದ ಹಾಗೆ, ಕ್ರಮ ಕ್ರಮವೇ, ಆರೋಪಿಗೂ ಬೆಲ್ಲ ನೀರು ಬಂತು.

"ಮೊದಲು ಊದುವುದು, ಆಮೇಲೆ ಬೆಲ್ಲ" ಅಂದರು ಸೇರಿಗಾರರು. ಊದಿದರು. ಶುದ್ಧ. ಚಾವಡಿಯಲ್ಲಿ ಪಿಸುಪಿಸು. ಇನ್ನೊಮ್ಮೆ ಊದಿದರು. ಮೀನು ಮಾರ್ಕೆಟಿನ ಕಡೆಯವರು ಗಂಟಲು ಸರಿಮಾಡಿಕೊಂಡರು.

"ಆಯ್ತಲ್ಲ?" ಲೋಕನಾಥರು ವೀಳ್ಯದೆಲೆ ಮುಂದೆ ತಳ್ಳಿದರು. "ನಾಣ್ಯ ಇಲ್ಲದಿದ್ದರೆ ನಾನೇ ಕೊಡ್ತೇನೆ."

ಸೇರಿಗಾರರು ವಾದ್ಯ ಇಳಿಸಿದರು. ಜೊತೆಗೆ ಬಂದಿದ್ದ ಹಸೈನಾರ್ ಮುಖ ತಿರುಗಿಸಿಕೊಂಡರು. ಅಷ್ಟರಲ್ಲಿ, ಹೆಂಗಸರ ನಡುವೆ ನಿಂತಿದ್ದ ಅಮ್ಮಣ್ಣಿಯ ಕಣ್ಣು ಬೆಲ್ಲದ ತಟ್ಟೆಯ ಅಂಚಿನಲ್ಲಿ ಹೋಗುತ್ತಿದ್ದ ಒಂದು ಇರುವೆಯ ಮೇಲೆ ಬಿತ್ತು. ಇರುವೆ ನೋಡಿದರು, ವಾದ್ಯದ ಕೀಲಿ ನೋಡಿದರು, ಗಂಡನ ಬೆರಳು ನೋಡಿದರು. ಅವರ ಮುಖದಲ್ಲಿ ಒಂದು ಬೆಳಕು ಬಂತು.

"ಅಯ್ಯೋ, ಇವರ ಗಂಟಲು ಒಣಗಿದೆ!" ಅಂತ ಜನರ ನಡುವೆ ನುಗ್ಗಿ, ತಟ್ಟೆಯಲ್ಲಿದ್ದ ದೊಡ್ಡ ತುಂಡನ್ನೇ ಗಂಡನ ಅಂಗೈಗೆ ಒತ್ತಿದರು. "ಕ್ರಮ ಬಿಡಬಾರದು. ತಿನ್ನಿ. ನಿಧಾನಕ್ಕೆ. ಕೈ ತೊಳೀಬೇಡಿ."

"ಕೈ ಯಾಕೆ..."

"ತೊಳೀಬೇಡಿ ಅಂದೆ! ಊದಿ ಈಗ."

ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿಗೆ ಎದುರಾಡಿ ಗೊತ್ತಿಲ್ಲದ ಸೇರಿಗಾರರು ಅಂಟು ಕೈಯಲ್ಲೇ ಸ್ವರದ ಮೇಲೆ ಸ್ವರ ಓಡಿಸಿದರು. ಬೆರಳು ಓಡಿತು, ಪಾಕ ಇಳಿಯಿತು, ಮುಚ್ಚಳ ಹಿಡಿಯಿತು.

"ಪ್ಯಾಂ—"

ಅದೇ! ಅದೇ ಎಮ್ಮೆಕರು! ಚಾವಡಿಯ ಅಷ್ಟೂ ತಲೆಗಳು ತಿರುಗಿದವು. ತೃಪ್ತಿ ಬಾಯಿಗೆ ಕೈ ಅಡ್ಡ ಹಿಡಿದಳು, ನಗು ಬೆರಳ ಸಂದಿಯಿಂದ ಹೊರಗೆ ಬಂತು. ಈ ಸಲ ಜಲಜಕ್ಕನೂ ಸೆರಗು ಬಿಟ್ಟು, ಹಲ್ಲಿಲ್ಲದ ಜಾಗ ಕಾಣುವ ಹಾಗೆ ನಕ್ಕರು.

ಲೋಕನಾಥರೇನು ಸಾಮಾನ್ಯರೇ? ಎರಡು ಹೋಟೆಲು ನಡೆಸುವ ಕಣ್ಣು. ಹೋಗಿ ಸೇರಿಗಾರರ ಬೆರಳು ಹಿಡಿದು ಎತ್ತಿದರು. "ಬೆಲ್ಲ! ಎಲ್ಲರೂ ನೋಡಿ! ಇದು ವಿದ್ಯೆಯಲ್ಲ, ಅಂಟು! ಇಡಿ ಕಾಣಿಕೆ!"

ಸೇರಿಗಾರರು ತಮ್ಮ ಬೆರಳನ್ನೇ ಮೊದಲ ಸಲ ನೋಡುವವರಂತೆ ನೋಡಿದರು. ಆಗ ಹಸೈನಾರ್ ಕೆಮ್ಮಿದರು.

"ಒಂದು ಮಾತು ಲೋಕನಾಥಣ್ಣ. ಈ ಬೆಲ್ಲ ಯಾರ ಮನೆಯದ್ದು?"

"ನಮ್ಮದೇ."

"ಮದುವೆ ದಿನದ್ದು?"

ಲೋಕನಾಥರು ಹಿಡಿದಿದ್ದ ಬೆರಳು ಬಿಟ್ಟರು. ಜಲಜಕ್ಕ ನಿಧಾನಕ್ಕೆ ಹೇಳಿದರು: "ಹಾಗಾದರೆ ತಪ್ಪುಕಾಣಿಕೆ ಇಡಬೇಕಾದ್ದು ಬೆಲ್ಲ ಕೊಟ್ಟವರಲ್ಲವಾ ಭಾವ? ನನ್ನ ಹಲ್ಲಿನದ್ದು ಬಿಡಿ. ಆ ಚಕ್ಕುಲಿ ಮೊದಲೇ ಕಲ್ಲಿನ ಹಾಗಿತ್ತು."

"ಅಪ್ಪಾ," ತೃಪ್ತಿ ಎದ್ದು ನಿಂತಳು, "ಆ ದಿನ ಬೆಳಿಗ್ಗೆಯಿಂದ ಹೆದರಿಕೆಯಲ್ಲಿ ನನಗೆ ಉಸಿರೇ ಇರಲಿಲ್ಲ. ಸೇರಿಗಾರ್ರು ಊದಿದ ಮೇಲೆ ಬಂತು."

ಲೋಕನಾಥರು ಬಿಗಿದ ಮುಖದಲ್ಲಿ ಮಣೆಯ ಮುಂದೆ ನಿಂತರು. ಸಿಟ್ಟು ಎಷ್ಟಿದ್ದರೂ ನ್ಯಾಯ ಬಿಟ್ಟವರಲ್ಲ. ಅಂಗಿಯ ಜೇಬಿಗೆ ಕೈ ಹಾಕಿ ಒಂದು ನಾಣ್ಯ ತೆಗೆದು, ವೀಳ್ಯದೆಲೆಯ ಕಡೆಗೆ ಬಗ್ಗಿದರು. ಮೀನು ಮಾರ್ಕೆಟಿನವರು ಉಸಿರು ಬಿಗಿ ಹಿಡಿದರು. ಹಾಲಿನ ಸೊಸೈಟಿಯವರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಆ ಕೈಯನ್ನು ಸೇರಿಗಾರರು ಗಪ್ಪನೆ ಹಿಡಿದರು. ಅಂಟು ಕೈ, ಬಿಡಿಸಿಕೊಳ್ಳಲಿಕ್ಕೂ ಆಗಲಿಲ್ಲ.

"ಇಡಬೇಡಿ ಧನಿಗಳೇ."

"ಮತ್ತೆ? ತಪ್ಪು ನಮ್ಮದಲ್ಲವಾ?"

"ನೀವು ಇಟ್ಟರೂ ಅದು ತಪ್ಪು ಅಂತಲೇ ಆಗ್ತದೆ. ಅದು ತಪ್ಪಲ್ಲ ಅಂತ ನಾನು ಮೊದಲೇ ಹೇಳಿದ್ದೇನೆ. ಬೆಲ್ಲದಿಂದ ಬರಲಿ, ಬೇವಿನಿಂದ ಬರಲಿ, ಅದು ನನ್ನ ಸ್ವರ. ಅದಕ್ಕೆ ಯಾರೂ ಕಾಣಿಕೆ ಇಡಬಾರದು."

ಲೋಕನಾಥರು ನಾಣ್ಯವನ್ನೂ ನೋಡಿದರು, ಈ ಮನುಷ್ಯನನ್ನೂ ನೋಡಿದರು. ಇಷ್ಟು ವರ್ಷ ತಮ್ಮ ಮನೆಯ ಎಲ್ಲ ಕಾರ್ಯದಲ್ಲೂ ಮೂಲೆಯಲ್ಲಿ ಕೂತಿದ್ದವನ ಮುಖ ಹೀಗುಂಟು ಅಂತ ಅವರಿಗೆ ಇವತ್ತೇ ಗೊತ್ತಾದ ಹಾಗಿತ್ತು. ನಾಣ್ಯ ಜೇಬಿಗೆ ಹೋಯಿತು.

"ನೇಮಕ್ಕೆ ನೀವೇ ಬನ್ನಿ ಸೇರಿಗಾರ್ರೇ" ಅಂದರು. "ಅದು ಸರಿ, ಇಷ್ಟು ಜನ ಸೇರಿದ್ದೇವೆ. ಈಗ ಎಂಥ ಮಾಡುವುದು?"

"ಕೂತು ಕೇಳುವುದು" ಅಂದರು ಧರ್ಣಪ್ಪ ಸೇರಿಗಾರರು.

ಲೋಕನಾಥರು ಕೂತರು. ಅವರು ಕೂತದ್ದು ನೋಡಿ ಚಾವಡಿಯೇ ಕೂತಿತು. ಸೇರಿಗಾರರು ಕಪ್ಪು ಕನ್ನಡಕ ತೆಗೆದು ಮಣೆಯ ಮೇಲೆ, ವೀಳ್ಯದೆಲೆಯ ಪಕ್ಕ ಇಟ್ಟು, ವಾದ್ಯ ಎತ್ತಿದರು. ಅಮ್ಮಣ್ಣಿ ಬೆಲ್ಲದ ತಟ್ಟೆಯನ್ನು ಅವರ ಕೈಗೆ ಸಿಗುವಷ್ಟು ಹತ್ತಿರ ಜರುಗಿಸಿದರು.